ಚರ್ಮದಲ್ಲಿ ನೇರಳೆ ಹುಡುಕುವವಳಿಗೆ ದೊಡ್ಡಪ್ಪನ ಕಿವಿಮಾತು

ಪುಟ್ಟೀ,

ಮೊನ್ನೆ ಫೋನಿನಲ್ಲಿ "ದೊಡ್ಡಪ್ಪ, ಟೊಲುಯಿಡಿನ್ ಬ್ಲೂ ಹಾಕಿದೀನಿ, ಸ್ಲೈಡೆಲ್ಲ ಬರೀ ನೀಲಿ ಕಾಣುತ್ತೆ, ಮಾಸ್ಟ್ ಕೋಶ ಒಂದೂ ಸಿಗ್ತಿಲ್ಲ" ಅಂದೆಯಲ್ಲ, ಆಗ ನಾನು ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿದ್ದೆ. "ದ್ರಾವಣ ಹೊಸದಾಗಿ ಮಾಡ್ಕೊಂಡು ನೋಡು" ಅಂತ ಹೇಳಿ ಇಟ್ಟುಬಿಟ್ಟೆ. ಮನೆಗೆ ಬಂದಮೇಲೆ ಸಮಾಧಾನವಾಗಲಿಲ್ಲ. ಮೂವತ್ತನಾಲ್ಕು ವರ್ಷ ಹಿಸ್ಟೊಪೆಥಾಲಜಿ ಲ್ಯಾಬಿನಲ್ಲಿ ಮೇಣ ಕೊಯ್ದವನು ನಾನು. ನಿನ್ನ ಪ್ರಶ್ನೆಗೆ ಅಷ್ಟು ಉತ್ತರ ಸಾಲದು. ನೆನಪಾದಂತೆಲ್ಲ ಬರೆದಿದ್ದೇನೆ, ಬೇಕಾದ್ದನ್ನು ನಿನ್ನ ನೋಟ್‌ಬುಕ್ಕಿಗೆ ಇಳಿಸಿಕೊ.

• ಎಲ್ಲಕ್ಕಿಂತ ಮೊದಲು ಇದು: ನೀನು ಹಾಕುವ ಬಣ್ಣ ಹಾರ್ಮೋನನ್ನು ತೋರಿಸುವುದಿಲ್ಲ, ಅದನ್ನು ತುಂಬಿಟ್ಟ ಚೀಲವನ್ನು ತೋರಿಸುತ್ತದೆ. ಮಾಸ್ಟ್ ಕೋಶದೊಳಗೆ ನೂರಾರು ಕಣಗಳಿರುತ್ತವೆ. ಒಂದೊಂದು ಕಣದೊಳಗೂ ಹಿಸ್ಟಮಿನ್ ಇರುತ್ತದೆ. ಇನ್ಸುಲಿನ್ನಿನ ಹಾಗೆ ರಕ್ತದಲ್ಲಿ ದೂರ ಹೋಗಿ ಕೆಲಸ ಮಾಡುವಂಥದ್ದಲ್ಲ ಅದು. ಬಿಡುಗಡೆಯಾದ ಜಾಗದ ಸುತ್ತಮುತ್ತಲೇ ರಕ್ತನಾಳ ಹಿಗ್ಗಿಸಿ, ತುರಿಕೆ ಎಬ್ಬಿಸಿ ಮುಗಿಸಿಬಿಡುತ್ತದೆ. ಅದಕ್ಕೇ ಅದನ್ನು ಸ್ಥಳೀಯ ಹಾರ್ಮೋನು ಅನ್ನುವುದು. ಆದರೆ ಹಿಸ್ಟಮಿನ್ ಬಹಳ ಸಣ್ಣ ಅಣು, ನೀರಿನಲ್ಲಿ ಕರಗುವಂಥದ್ದು. ಫಾರ್ಮಲಿನ್, ಆಲ್ಕೋಹಾಲ್, ಕ್ಸೈಲೀನ್, ಮೇಣ ಎಲ್ಲ ದಾಟಿ ಸ್ಲೈಡಿಗೆ ಬರುವ ಹೊತ್ತಿಗೆ ಅದರಲ್ಲಿ ಹೆಚ್ಚಿನ ಪಾಲು ಹೋಗಿರುತ್ತದೆ. ಉಳಿಯುವುದು ಅದನ್ನು ಹಿಡಿದಿಟ್ಟಿದ್ದ ಹೆಪಾರಿನ್. ಟೊಲುಯಿಡಿನ್ ಬ್ಲೂ ಹೋಗಿ ಅಂಟುವುದು ಆ ಹೆಪಾರಿನ್ನಿಗೆ. ಗೋಣಿಚೀಲ ಕಂಡು ಇಲ್ಲಿ ಅಕ್ಕಿ ಇತ್ತು ಅನ್ನುತ್ತೇವಲ್ಲ, ನಾವು ಮಾಡುವುದೂ ಅದನ್ನೇ. ಗೋಣಿಯನ್ನು ನೋಡಿ ಅಕ್ಕಿ ಎಷ್ಟು ಸೇರು ಅಂತ ಹೇಳಲು ಹೋಗಬೇಡ.

• 'ಮಾಸ್ಟ್' ಅನ್ನುವ ಹೆಸರಿನ ಕಥೆ ತಿಳಿದಿರಲಿ. ಪಾಲ್ ಎರ್ಲಿಕ್ ಇನ್ನೂ ವೈದ್ಯ ವಿದ್ಯಾರ್ಥಿಯಾಗಿದ್ದಾಗ ಅನಿಲಿನ್ ಬಣ್ಣಗಳ ಹುಚ್ಚು ಹಿಡಿಸಿಕೊಂಡವನು. ಬಟ್ಟೆಗೆ ಹಾಕಲು ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಬಣ್ಣಗಳನ್ನು ತಂದು ಅಂಗಾಂಶಕ್ಕೆ ಹಾಕಿ ನೋಡುತ್ತಿದ್ದ. ಕಣ ತುಂಬಿಕೊಂಡ ಈ ಕೋಶಗಳನ್ನು 1878ರಲ್ಲಿ ಲೈಪ್‌ಜಿಗ್‌ನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ವಿವರಿಸಿದ. ಆಗ ಅವನಿಗೆ 24 ವರ್ಷ. ಹೊಟ್ಟೆ ತುಂಬ ಉಂಡು ಕೊಬ್ಬಿದ ಕೋಶ ಇದು ಅಂದುಕೊಂಡ. ಜರ್ಮನ್ ಭಾಷೆಯಲ್ಲಿ ದನ ಹಂದಿಗಳನ್ನು ಮೇಯಿಸಿ ಕೊಬ್ಬಿಸುವುದಕ್ಕೆ 'ಮಾಸ್ಟ್' ಅನ್ನುತ್ತಾರೆ, ಆ ಹೆಸರನ್ನೇ ಇಟ್ಟ. ಊಹೆ ತಪ್ಪಾಯಿತು, ಹೆಸರು ನಿಂತಿತು. ಒಳಗಿರುವುದು ಹೆಪಾರಿನ್ ಅಂತ ಗೊತ್ತಾಗಿದ್ದು 1937ರಲ್ಲಿ, ಸ್ವೀಡನ್ನಿನವರಿಂದ. ಹಿಸ್ಟಮಿನ್ ಅಲ್ಲೇ ಇದೆ ಅಂತ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೈಲಿ ಮತ್ತು ವೆಸ್ಟ್ ತೋರಿಸಿದ್ದು 1953ರಲ್ಲಿ. ಲೆಕ್ಕ ಹಾಕು: ಕಣ್ಣಿಗೆ ಕಂಡ ಕೋಶದೊಳಗೆ ಏನಿದೆ ಅಂತ ತಿಳಿಯಲು ಎಪ್ಪತ್ತೈದು ವರ್ಷ ಹಿಡಿಯಿತು. ನಿನ್ನ ಒಂದು ಸ್ಲೈಡು ಒಂದು ದಿನ ತಡವಾದರೆ ಎದೆಗುಂದಬೇಡ.

• ನೀಲಿ ಬಣ್ಣ ಹಾಕಿದರೆ ನೇರಳೆ ಯಾಕೆ ಬರುತ್ತದೆ ಅಂತ ತಿಳಿದುಕೊಂಡೇ ಕೆಲಸ ಮಾಡು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದಿಲ್ಲವೇ, ಹಾಗೇ ಇದೂ ಅಂತ ನನಗೆ ಶುರುವಿನಲ್ಲಿ ಯಾರೋ ಹೇಳಿದ್ದರು. ಅದು ಸರಿಯಲ್ಲ. ಅರಿಶಿನದ್ದು ಸುಣ್ಣದ ಕ್ಷಾರದಿಂದ ಆಗುವ ಬದಲಾವಣೆ. ಇಲ್ಲಿ ಆಗುವುದು ಒತ್ತಾಗಿ ಕೂರುವುದರಿಂದ. ಹೆಪಾರಿನ್ನಿನ ಉದ್ದಕ್ಕೂ ಸಲ್ಫೇಟ್ ಗುಂಪುಗಳು ಹತ್ತಿರ ಹತ್ತಿರ ಇವೆ, ಒಂದೊಂದೂ ಋಣ ವಿದ್ಯುದಂಶದ್ದು. ಬಣ್ಣದ ಅಣು ಧನ. ಅವು ಹೋಗಿ ಪಂಕ್ತಿಯಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತಾಗ ಹೀರಿಕೊಳ್ಳುವ ಬೆಳಕೇ ಬದಲಾಗುತ್ತದೆ, ನೀಲಿ ಹೋಗಿ ಕೆಂಪು ಬೆರೆತ ನೇರಳೆ ಕಾಣುತ್ತದೆ. ಬಿಡಿಬಿಡಿಯಾಗಿ ಕೂತ ಜಾಗದಲ್ಲಿ ಬರೀ ನೀಲಿ. ಇದಕ್ಕೆ ಮೆಟಕ್ರೊಮೇಸಿಯಾ ಅನ್ನುತ್ತಾರೆ. ಇದು ಅರ್ಥವಾದರೆ ಮುಂದೆ ನಾನು ಹೇಳುವ ಅರ್ಧ ಎಚ್ಚರಿಕೆ ನಿನಗೆ ತಾನಾಗಿಯೇ ಹೊಳೆಯುತ್ತದೆ. ಆ ಪಂಕ್ತಿ ಚದುರಿದರೆ ನೇರಳೆಯೂ ಹೋಯಿತು.

• ಬಣ್ಣ ಹೇಗಿರಬೇಕು ಅಂತ ಕೇಳಿದೆಯಲ್ಲ. ನೇರಳೆಹಣ್ಣು ತಿಂದಾದ ಮೇಲೆ ನಾಲಿಗೆ ಹೇಗಿರುತ್ತೆ, ಆ ಬಣ್ಣ. ಸುತ್ತ ಬಿಳಿ ಬಟ್ಟೆಗೆ ಹಾಕುವ ನೀಲಿಯ ತೆಳು ಛಾಯೆ. ಇವೆರಡರ ನಡುವೆ ವ್ಯತ್ಯಾಸ ಗೊತ್ತಾಗದಿದ್ದರೆ ಸ್ಲೈಡು ಸರಿಯಾಗಿಲ್ಲ ಅಂತ ಅರ್ಥ. ಕಷ್ಟಪಟ್ಟು ಕಣ್ಣು ಕಿರಿದು ಮಾಡಿ ಹುಡುಕಬೇಡ, ಇನ್ನೊಂದು ಸೆಕ್ಷನ್ ಕೊಯ್ದುಕೊ.

• ಕೆಲಸ ಕೆಡುವುದು ಹೆಚ್ಚಾಗಿ ನಿನ್ನ ಟೇಬಲ್ಲಿಗೆ ಬರುವ ಮೊದಲೇ. ಮಾಸ್ಟ್ ಕೋಶ ಮುಟ್ಟಿದರೆ ಮುನಿ. ಉಜ್ಜಿದರೆ, ಚುಚ್ಚಿದರೆ, ಹಿಸುಕಿದರೆ ಕಣಗಳನ್ನು ಹೊರಗೆ ಚೆಲ್ಲಿಬಿಡುತ್ತದೆ. ಚರ್ಮದಲ್ಲಿ ಮಾಸ್ಟ್ ಕೋಶ ಹೆಚ್ಚಾಗುವ ಅರ್ಟಿಕೇರಿಯಾ ಪಿಗ್ಮೆಂಟೋಸಾ ಇರುವ ಮಗುವಿನ ಕಂದು ಕಲೆಯನ್ನು ಉಜ್ಜಿದರೆ ಅದು ಕೆಂಪಾಗಿ ಉಬ್ಬುತ್ತದೆ, ಡೇರಿಯರ್ ಚಿಹ್ನೆ ಅನ್ನುತ್ತಾರೆ, ರೋಗ ಗುರುತಿಸಲು ಒಳ್ಳೆಯ ದಾರಿ. ಆದರೆ ಉಜ್ಜಿ ನೋಡಿದ ಕಲೆಯಿಂದಲೇ ಬಯಾಪ್ಸಿ ತೆಗೆದರೆ ನಿನಗೆ ಸಿಗುವುದು ಬರಿದಾದ ಚೀಲ. ಚರ್ಮರೋಗ ವಿಭಾಗದ ಪಿಜಿ ಮಕ್ಕಳು ವಿನಯವಾಗಿ ಕೇಳಿದರೆ ಕೇಳುತ್ತಾರೆ. "ಸರ್, ಉಜ್ಜಿದ ಕಲೆ ಬಿಟ್ಟು ಬೇರೆ ಕಲೆಯಿಂದ ತೆಗೀರಿ, ಮರಗಟ್ಟಿಸೋ ಇಂಜೆಕ್ಷನ್ನು ಕಲೆಯೊಳಕ್ಕೇ ಚುಚ್ಚದೆ ಸುತ್ತ ಕೊಡಿ, ತುಂಡನ್ನ ಫೋರ್ಸೆಪ್ಸಿನಿಂದ ಒತ್ತಿ ಹಿಡೀಬೇಡಿ" ಅಂತ ಹೇಳು. ಹೇಳಲು ಸಂಕೋಚ ಪಡಬೇಡ. ಟೆಕ್ನಿಷಿಯನ್ ಹೇಳಿದ್ದಕ್ಕೆ ಸಿಟ್ಟು ಮಾಡುವವರು ಒಬ್ಬಿಬ್ಬರು ಸಿಗುತ್ತಾರೆ. ಉಳಿದವರು ಮುಂದಿನ ಸಲ ಅವರಾಗಿಯೇ ಫೋನ್ ಮಾಡಿ ಕೇಳುತ್ತಾರೆ.

• ಫಾರ್ಮಲಿನ್ ಬಫರ್ ಹಾಕಿದ್ದು, ಹತ್ತು ಪ್ರತಿಶತದ್ದು ಇರಲಿ. ತುಂಡಿನ ಹತ್ತಿಪ್ಪತ್ತು ಪಾಲು ದ್ರಾವಣ ಬೇಕು. 4 ಮಿಲಿಮೀಟರ್ ಪಂಚ್ ಬಯಾಪ್ಸಿಗೆ ಇದೇನು ದೊಡ್ಡ ಖರ್ಚಲ್ಲ. ಆದರೂ ಮುಚ್ಚಳಕ್ಕೆ ಅಂಟಿಕೊಂಡು ಒಣಗಿದ ತುಂಡು ಎಷ್ಟು ನೋಡಿದ್ದೇನೆ! ತಾಲ್ಲೂಕು ಕಡೆಯಿಂದ ಬರುವ ಬಾಟಲಿ ತೆರೆದ ಕೂಡಲೇ ಮೊದಲು ಮುಚ್ಚಳದ ಒಳಗೆ ನೋಡು. ಇನ್ನು ಸಲೈನಿನಲ್ಲಿ ಹಾಕಿ ಕಳಿಸಿದ್ದು ಬಂದರೆ ರಿಜಿಸ್ಟರಿನಲ್ಲಿ ಬರೆದುಕೊ, ಆಮೇಲೆ ನಿನ್ನ ತಲೆಗೆ ಬರುವುದು ಬೇಡ.

• ಸೆಕ್ಷನ್ 4ರಿಂದ 5 ಮೈಕ್ರಾನ್. ಮಾಸ್ಟ್ ಕೋಶವೇ ಹತ್ತರಿಂದ ಇಪ್ಪತ್ತು ಮೈಕ್ರಾನ್ ಇರುವಾಗ ನಿನ್ನ ಸೆಕ್ಷನ್ನು ಅದರ ಒಂದು ಹೋಳು ಮಾತ್ರ. ನ್ಯೂಕ್ಲಿಯಸ್ ಇಲ್ಲದ ಬರೀ ಕಣದ ಗುಂಪು ಕಂಡರೆ ಗಾಬರಿಯಾಗಬೇಡ, ಹೋಳು ಅಂಚಿನಲ್ಲಿ ಹೋಗಿದೆ ಅಷ್ಟೆ. ಒಂದೇ ಬ್ಲಾಕಿನಿಂದ ಮೂರು ನಾಲ್ಕು ಸ್ಲೈಡು ಒಟ್ಟಿಗೇ ಕೊಯ್ದಿಡು. ಚರ್ಮದ ಬ್ಲಾಕಿನಲ್ಲಿ ಮತ್ತೆ ಮತ್ತೆ ಟ್ರಿಮ್ ಮಾಡಿದರೆ ಇರುವ ಅಂಗಾಂಶವೆಲ್ಲ ಪುಡಿಯಾಗಿ ಹೋಗುತ್ತದೆ.

• ಈಗ ದ್ರಾವಣ. ನನ್ನ ಕೈಯಲ್ಲಿ ಯಾವತ್ತೂ ಮೋಸ ಮಾಡದ ಅಳತೆ ಹೇಳುತ್ತೇನೆ. ಸ್ಟಾಕ್: ಟೊಲುಯಿಡಿನ್ ಬ್ಲೂ 1 ಗ್ರಾಂ, 70 ಪ್ರತಿಶತ ಆಲ್ಕೋಹಾಲ್ 100 ಮಿಲಿ. ಇದು ಇಟ್ಟುಕೊಳ್ಳಬಹುದು. ಕೆಲಸದ ದಿನ 50 ಮಿಲಿ ಡಿಸ್ಟಿಲ್ಡ್ ನೀರಿಗೆ ಅರ್ಧ ಗ್ರಾಂ ಸೋಡಿಯಂ ಕ್ಲೋರೈಡ್ ಹಾಕಿ, ಪಿಹೆಚ್ 2.3ಕ್ಕೆ ತಂದು, ಅದರಲ್ಲಿ 45 ಮಿಲಿಗೆ ಸ್ಟಾಕ್ 5 ಮಿಲಿ ಸೇರಿಸು. ಎರಡರಿಂದ ಮೂರು ನಿಮಿಷ ಸಾಕು. ಮುಗಿದ ಮೇಲೆ ಚೆಲ್ಲಿಬಿಡು. "ಇನ್ನೂ ಚೆನ್ನಾಗೇ ಇದೆ" ಅಂತ ಮಾರನೆಯ ದಿನಕ್ಕೆ ಇಡುವುದು ನಮ್ಮ ಲ್ಯಾಬುಗಳ ಹಳೆಯ ಚಾಳಿ. ಹೆಮಟಾಕ್ಸಿಲಿನ್ ಸ್ವಲ್ಪ ಹಳತಾದರೆ ಚೆನ್ನ, ಇದು ಹಾಗಲ್ಲ.

• ಪಿಹೆಚ್ ವಿಷಯದಲ್ಲಿ ಪಟ್ಟು ಹಿಡಿ. ನಿನ್ನ ಸ್ಲೈಡೆಲ್ಲ ಬರೀ ನೀಲಿಯಾಗಿದ್ದು ಇದರಿಂದಲೇ ಇರಬಹುದು ಅಂತ ನನ್ನ ಅನುಮಾನ. ಆಮ್ಲ ಜಾಸ್ತಿ ಇರುವಾಗ ಅಂಗಾಂಶದ ಕಾರ್ಬಾಕ್ಸಿಲ್ ಗುಂಪುಗಳು ವಿದ್ಯುದಂಶ ಕಳೆದುಕೊಂಡು ಸುಮ್ಮನಿರುತ್ತವೆ. ಸಲ್ಫೇಟ್ ಮಾತ್ರ ಅಷ್ಟು ಆಮ್ಲದಲ್ಲೂ ಬಣ್ಣವನ್ನು ಎಳೆದುಕೊಳ್ಳುತ್ತದೆ. ಅಂದರೆ ಹೆಪಾರಿನ್ ಇರುವ ಕೋಶ ಎದ್ದು ಕಾಣುತ್ತದೆ. ಪಿಹೆಚ್ ಮೇಲೇರುತ್ತ ಹೋದಂತೆ ಎಲ್ಲಾ ನ್ಯೂಕ್ಲಿಯಸ್ಸೂ ಗಾಢ ನೀಲಿಯಾಗಿ, ಡರ್ಮಿಸ್ಸಿನ ಮ್ಯೂಸಿನ್ನೂ ಬಣ್ಣ ಹಿಡಿದು, ಸಂತೆಯೊಳಗೆ ಮಗು ಹುಡುಕಿದಂತಾಗುತ್ತದೆ. ಉಪ್ಪು ಹಾಕುವುದೂ ಅದೇ ಕಾರಣಕ್ಕೆ, ಸಡಿಲವಾಗಿ ಅಂಟಿದ ಬಣ್ಣವನ್ನು ಅದು ಬಿಡಿಸುತ್ತದೆ. ಪಿಹೆಚ್ ಪಟ್ಟಿ ಕಾಗದ ನಂಬಬೇಡ, ಮೀಟರ್ ಬಳಸು. ಮೀಟರನ್ನೂ ಬೆಳಿಗ್ಗೆ ಬಫರಿನಲ್ಲಿ ಅದ್ದಿ ಸರಿ ಮಾಡಿಕೊ.

• ನಲ್ಲಿ ನೀರು ಬೇಡ. ಹೆಚ್ ಅಂಡ್ ಇ ಮಾಡುವಾಗ ಬೋರ್‌ವೆಲ್ಲಿನ ಗಡಸು ನೀರು ಒಳ್ಳೆಯದೇ, ಕ್ಷಾರದಿಂದ ಹೆಮಟಾಕ್ಸಿಲಿನ್ ಚೆನ್ನಾಗಿ ನೀಲಿಯೇರುತ್ತದೆ. ನಮ್ಮ ಲ್ಯಾಬಿನಲ್ಲಿ ಕಾವೇರಿ ನೀರು ಬಂದ ದಿನ ಇನ್ನೂ ಸ್ವಲ್ಪ ಹೊತ್ತು ಬಿಡುತ್ತಿದ್ದೆವು. ಆ ಅಭ್ಯಾಸದ ಕೈ ಟೊಲುಯಿಡಿನ್ನಿಗೂ ನಲ್ಲಿಯ ಕಡೆಗೇ ಹೋಗುತ್ತದೆ, ಹಿಡಿದುಕೊ. ಡಿಸ್ಟಿಲ್ಡ್ ನೀರಿನಲ್ಲಿ ಮೂರು ಸಲ ಅದ್ದಿ ತೆಗೆ.

• ಆಮೇಲಿನ ಅರ್ಧ ನಿಮಿಷ ಇದೆಯಲ್ಲ, ಅದರಲ್ಲಿ ನಾನೇ ಒಮ್ಮೆ ಸೋತವನು. ಟೊಲುಯಿಡಿನ್ ಹಿಡಿದ ಬಣ್ಣವನ್ನು ಆಲ್ಕೋಹಾಲ್ ಎಳೆದುಕೊಂಡು ಹೋಗುತ್ತದೆ. 95 ಪ್ರತಿಶತದ್ದರಲ್ಲಿ ಹತ್ತು ಸಲ ಅದ್ದು, ಅಬ್ಸಲ್ಯೂಟಿನಲ್ಲಿ ಹತ್ತು ಸಲ, ಕೂಡಲೇ ಕ್ಸೈಲೀನ್, ಆಮೇಲೆ ಡಿಪಿಎಕ್ಸ್. ನಾನು ಕೆಲಸಕ್ಕೆ ಸೇರಿ ಮೂರನೆಯ ವರ್ಷ. ಎರಡೂವರೆ ವರ್ಷದ ಮಗುವಿನ ಬೆನ್ನಿನ ಬಯಾಪ್ಸಿ. ಸ್ಲೈಡನ್ನು ಆಲ್ಕೋಹಾಲಿನಲ್ಲಿ ಇಟ್ಟೆ, ಅಷ್ಟರಲ್ಲಿ ಯಾರೋ ಕರೆದರು, ಹೋಗಿ ಬಂದೆ. ಐದು ನಿಮಿಷವಾಗಿತ್ತೇನೋ. ಮೇಲುನೋಟಕ್ಕೆ ಸ್ಲೈಡು ಚೊಕ್ಕಟವಾಗಿತ್ತು, ತೆಳು ನೀಲಿ. ನಾನು ಬಾಯಿ ಬಿಡಲಿಲ್ಲ. ಮಾಸ್ಟ್ ಕೋಶ ಹೆಚ್ಚಿಲ್ಲ ಅಂತ ರಿಪೋರ್ಟು ಹೋಯಿತು. ಆ ತಾಯಿ ಮಗುವಿನ ಮೈ ಕಲೆ ಹೋಗಲಿ ಅಂತ ಬಿಸಿನೀರು ಹುಯ್ದು ಕಡಲೆಹಿಟ್ಟು ಹಾಕಿ ತಿಕ್ಕುತ್ತಿದ್ದಳು. ತಿಕ್ಕಿದಷ್ಟೂ ಮೈ ಉಬ್ಬುತ್ತಿತ್ತು, ಮಗು ಕಿರುಚುತ್ತಿತ್ತು. ಎರಡು ತಿಂಗಳ ಮೇಲೆ ಮತ್ತೆ ಕರೆದುಕೊಂಡು ಬಂದಾಗ ಅದೇ ಬ್ಲಾಕಿನಿಂದ ಹೊಸ ಸೆಕ್ಷನ್ ಕೊಯ್ದು ಬಣ್ಣ ಹಾಕಿದೆ. ಡರ್ಮಿಸ್ಸಿನ ಮೇಲ್ಭಾಗದಲ್ಲಿ ನೇರಳೆಹಣ್ಣು ಉದುರಿದ ಹಾಗೆ ಕಾಣಿಸಿತು. ಎರಡು ತಿಂಗಳು ಆ ಮಗುವನ್ನು ತಿಕ್ಕಿದ್ದು ನನ್ನ ಐದು ನಿಮಿಷದಿಂದ. ಮಾರನೆಯ ದಿನವೇ ನನ್ನ ಮೇಲಿನವರ ಹತ್ತಿರ ಹೋಗಿ ಆದದ್ದು ಆದ ಹಾಗೆ ಹೇಳಿದೆ. ನಿನಗೂ ಹೀಗೆ ಆದರೆ ಅದೇ ದಿನ ಹೇಳು, ಎರಡು ತಿಂಗಳು ಕಾಯಬೇಡ. ಆಲ್ಕೋಹಾಲಿನಲ್ಲಿ ಸ್ಲೈಡು ಇರುವಾಗ ಯಾರು ಕರೆದರೂ ಹೋಗಬೇಡ, ಮೇಲಿನ ಅಧಿಕಾರಿ ಕರೆದರೂ ಸರಿ.

• ಆಷಾಢದ ಗಾಳಿ ಶುರುವಾದ ಮೇಲೆ ಅಬ್ಸಲ್ಯೂಟ್ ಆಲ್ಕೋಹಾಲ್ ಹೆಸರಿಗೆ ಮಾತ್ರ ಅಬ್ಸಲ್ಯೂಟ್. ತೇವ ಹೀರಿಕೊಂಡಿರುತ್ತದೆ. ನೀನು ಈಗ ಇರುವುದು ಕರಾವಳಿಯಲ್ಲಿ, ಹೇಳುವುದೇ ಬೇಡ. ಕ್ಸೈಲೀನ್ ಹಾಲಿನ ಹಾಗೆ ಮಂಕಾಯಿತು ಅಂದರೆ ನೀರು ಉಳಿದಿದೆ ಅಂತ. ಸ್ಟಾಕ್ ಜಾಡಿಯ ತಳದಲ್ಲಿ ನೀರಿಲ್ಲದ ಬಿಳಿ ಕಾಪರ್ ಸಲ್ಫೇಟ್ ಹಾಕಿ ಮೇಲೆ ಫಿಲ್ಟರ್ ಕಾಗದ ಮುಚ್ಚಿಡು. ಅದು ನೀಲಿಯಾದ ದಿನ ಆಲ್ಕೋಹಾಲ್ ಬದಲಾಯಿಸು.

• ಕಂಟ್ರೋಲ್ ಇಲ್ಲದೆ ಮಾಸ್ಟ್ ಕೋಶದ ಸ್ಟೇನ್ ಹಾಕಬೇಡ, ಒಂದು ಸ್ಲೈಡಿಗೂ ಬೇಡ. ಒಳ್ಳೆಯ ಕಂಟ್ರೋಲ್ ಎಲ್ಲಿ ಸಿಗುತ್ತದೆ ಅಂದರೆ ನ್ಯೂರೊಫೈಬ್ರೋಮಾದಲ್ಲಿ. ನರದ ಆ ಗಂಟಿನಲ್ಲಿ ಮಾಸ್ಟ್ ಕೋಶ ಹೇರಳ. ರಿಪೋರ್ಟು ಮುಗಿದ ಹಳೆಯ ಬ್ಲಾಕ್ ಒಂದನ್ನು ಮೇಲಿನವರ ಅನುಮತಿ ಕೇಳಿ ಎತ್ತಿಟ್ಟುಕೊ, ವರ್ಷಗಟ್ಟಲೆ ಬರುತ್ತದೆ. ಕಂಟ್ರೋಲಿನಲ್ಲಿ ನೇರಳೆ ಬಂದು ರೋಗಿಯದರಲ್ಲಿ ಬರಲಿಲ್ಲ ಅಂದರೆ ಅದು ಉತ್ತರ. ಎರಡರಲ್ಲೂ ಬರಲಿಲ್ಲ ಅಂದರೆ ಅದು ನಿನ್ನ ತಪ್ಪು. ಅವತ್ತು ನನ್ನ ಪಕ್ಕದಲ್ಲಿ ಒಂದು ಕಂಟ್ರೋಲ್ ಸ್ಲೈಡು ಅದೇ ಆಲ್ಕೋಹಾಲಿನಲ್ಲಿ ಇದ್ದಿದ್ದರೆ ಆ ಮಗುವಿಗೆ ಎರಡು ತಿಂಗಳು ಉಳಿಯುತ್ತಿತ್ತು. ಕಿವಿಯ ಬಯಾಪ್ಸಿಯಾದರೆ ಇನ್ನೂ ಒಂದು ಅನುಕೂಲ: ಅದರ ಮೃದ್ವಸ್ಥಿಯೂ ಸಲ್ಫೇಟ್ ತುಂಬಿದ್ದು, ಅದೇ ಸ್ಲೈಡಿನಲ್ಲಿ ನೇರಳೆಯಾಗಿ ನಿನಗೆ ಸಾಕ್ಷಿ ಹೇಳುತ್ತದೆ.

• ಸೂಕ್ಷ್ಮದರ್ಶಕದ ಬೆಳಕು ನೋಡಿಕೊ. ಹಳೆಯ ಹ್ಯಾಲೊಜನ್ ಬಲ್ಬಿನ ಹಳದಿ ಬೆಳಕಿನಲ್ಲಿ ನೀಲಿ ನೇರಳೆ ಎರಡೂ ಒಂದೇ ಥರ ಕಾಣಬಹುದು, ನೀಲಿ ಫಿಲ್ಟರ್ ಹಾಕಿಕೊ. ಮತ್ತೊಂದು ಮಾತು: ಕೆಲವರಿಗೆ ಹುಟ್ಟಿನಿಂದಲೇ ಕೆಂಪು-ಹಸಿರು ಗುರುತಿಸುವುದು ಕಷ್ಟ, ಗಂಡಸರಲ್ಲಿ ಹೆಚ್ಚು. ಅಂಥವರಿಗೆ ನೇರಳೆಯೊಳಗಿನ ಕೆಂಪು ಕಾಣದು, ನೀಲಿಯಾಗಿಯೇ ಉಳಿಯುತ್ತದೆ. ಅದು ಅವರ ಕುಂದಲ್ಲ. ಜೊತೆಗೆ ಕೆಲಸ ಮಾಡುವವರು ಹಾಗಿದ್ದರೆ ಬಣ್ಣದ ಸ್ಲೈಡನ್ನು ಇಬ್ಬರೂ ನೋಡಿ.

• ಎಲ್ಲಿ ಹುಡುಕಬೇಕು? ಎಪಿಡರ್ಮಿಸ್ಸಿನ ಕೆಳಗೆ, ಡರ್ಮಿಸ್ಸಿನ ಮೇಲ್ಭಾಗದಲ್ಲಿ. ಸಣ್ಣ ರಕ್ತನಾಳ ಸಿಕ್ಕಿದರೆ ಅದರ ಗೋಡೆಗೆ ಒತ್ತಿಕೊಂಡು ನೋಡು. ಕೂದಲ ಬುಡ, ಬೆವರಿನ ಗ್ರಂಥಿ, ನರದ ಎಳೆ, ಇವುಗಳ ಅಕ್ಕಪಕ್ಕ. ಕಾವಲುಗಾರ ಬೀದಿ ಮೂಲೆಯಲ್ಲಿ ನಿಲ್ಲುತ್ತಾನೆಯೇ ಹೊರತು ಬಯಲ ನಡುವೆ ಅಲ್ಲ. ಆರೋಗ್ಯವಂತರ ಚರ್ಮದಲ್ಲೂ ಇವು ಇದ್ದೇ ಇರುತ್ತವೆ. ಕಂಡ ಕೂಡಲೇ ರೋಗ ಸಿಕ್ಕಿತು ಅಂತ ಕುಣಿಯಬೇಡ. ಪಿತ್ತಗಂಧೆ ಎದ್ದಾಗ ನಿಮ್ಮ ಅತ್ತೆ ಮನೆಯವರು ಪುನರ್ಪುಳಿ ಸಾರು ಕುಡಿಸುತ್ತಾರಲ್ಲ, ಆ ಗಂಧೆ ಎಬ್ಬಿಸುವುದು ಇದೇ ಕೋಶ. ಅದು ಎಲ್ಲರ ಮೈಯಲ್ಲೂ ಇದೆ.

• ನಮ್ಮವರ ಚರ್ಮದಲ್ಲಿ ದೊಡ್ಡ ಗೊಂದಲ ಮೆಲನಿನ್‌ನದು. ಬಿಳಿ ಚರ್ಮದ ಚಿತ್ರಗಳಿರುವ ಪುಸ್ತಕ ನೋಡಿ ಕಲಿತವರಿಗೆ ಇದು ಗೊತ್ತಾಗುವುದಿಲ್ಲ. ಮೆಲನಿನ್ ನುಂಗಿದ ಕೋಶಗಳು ಡರ್ಮಿಸ್ಸಿನ ಅದೇ ಜಾಗದಲ್ಲಿ, ಅದೇ ರಕ್ತನಾಳದ ಸುತ್ತ ಇರುತ್ತವೆ. ಕಣವೂ ಇರುತ್ತದೆ. ನೀಲಿ ಬಣ್ಣದ ನಡುವೆ ಆ ಕಂದು ಕಪ್ಪು ಕಣ್ಣಿಗೆ ನೇರಳೆಯ ಹಾಗೇ ಮೋಸ ಮಾಡುತ್ತದೆ. ಗುರುತು ಹೇಳುತ್ತೇನೆ: ಮೆಲನಿನ್ ಕಣ ಒರಟು, ಒಂದು ದೊಡ್ಡದು ಒಂದು ಸಣ್ಣದು. ಮಾಸ್ಟ್ ಕಣ ರಾಗಿಹಿಟ್ಟಿನ ಹಾಗೆ ಸಮ. ಅನುಮಾನವಾದರೆ ಬಣ್ಣವನ್ನೇ ಹಾಕದ ಒಂದು ಸ್ಲೈಡನ್ನು ಹಾಗೇ ನೋಡು. ಅದರಲ್ಲೂ ಕಂದು ಕಂಡರೆ ಅದು ಮೆಲನಿನ್. ಇದಕ್ಕೆ ಕಾಸು ಖರ್ಚಿಲ್ಲ. ಪೊಟ್ಯಾಸಿಯಂ ಪರ್ಮಾಂಗನೇಟಿನಲ್ಲಿ ಬ್ಲೀಚ್ ಮಾಡಿ ಆಕ್ಸಾಲಿಕ್ ಆಮ್ಲದಲ್ಲಿ ತೊಳೆಯುವ ದಾರಿಯೂ ಇದೆ, ಆದರೆ ಅದು ಮೆಲನಿನ್ ಹೌದೇ ಅಂತ ಪರೀಕ್ಷಿಸಲು ಮಾತ್ರ, ಬೇರೆ ಸ್ಲೈಡಿನ ಮೇಲೆ.

• ಹೆಚ್ ಅಂಡ್ ಇ ಸ್ಲೈಡನ್ನು ಕಡೆಗಣಿಸಬೇಡ. ಚೆನ್ನಾಗಿ ಫಿಕ್ಸ್ ಆದ ಅಂಗಾಂಶದಲ್ಲಿ ಮಾಸ್ಟ್ ಕೋಶ ಅರ್ಧ ಬೆಂದ ಆಮ್ಲೆಟ್ಟಿನ ಹಾಗೆ, ನಡುವೆ ದುಂಡು ನ್ಯೂಕ್ಲಿಯಸ್ಸು, ಸುತ್ತ ಮಸುಕು ಬೂದು-ನೇರಳೆ. ಕೆಲವೊಮ್ಮೆ ಉದ್ದಕ್ಕೆ ಎಳೆದುಕೊಂಡು ಫೈಬ್ರೊಬ್ಲಾಸ್ಟ್ ಅನ್ನಿಸಿಬಿಡುತ್ತದೆ. ಚೌಕಾಕಾರದಲ್ಲಿ ಗುಂಪಾಗಿದ್ದರೆ ಮಚ್ಚೆಯ ಕೋಶ ಅನ್ನಿಸುತ್ತದೆ. ಪಕ್ಕದಲ್ಲಿ ಇಯೊಸಿನೊಫಿಲ್ ಅಲ್ಲೊಂದು ಇಲ್ಲೊಂದು ಇದ್ದರೆ ಅದು ಸುಳಿವು, ಟೊಲುಯಿಡಿನ್ ಹಾಕಲು ಯೋಗ್ಯವಾದ ಕೇಸು ಅಂತ ತಿಳಿ. ಗೀಮ್ಸಾ ಹಾಕಿದರೂ ಕಣ ಕೆಂಪು ನೇರಳೆಯಾಗಿ ಬರುತ್ತದೆ, ಇಯೊಸಿನೊಫಿಲ್ ಕೂಡ ಅದೇ ಸ್ಲೈಡಿನಲ್ಲಿ ಸಿಗುತ್ತದೆ.

• ಕಣಗಳು ಕೋಶದ ಹೊರಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದರೆ ಮೊದಲು ತುಂಡಿನ ಯಾವ ಭಾಗದಲ್ಲಿ ಅಂತ ನೋಡು. ಅಂಚಿನಲ್ಲಿ ಮಾತ್ರವಾದರೆ ಫೋರ್ಸೆಪ್ಸಿನ ಕೈವಾಡ. ನಡುಭಾಗದಲ್ಲೂ ಹಾಗೇ ಇದ್ದರೆ ಬರೆದು ತಿಳಿಸು. ರೋಗಿಯ ಮೈಯಲ್ಲೇ ಆದದ್ದೋ ತೆಗೆಯುವಾಗ ಆದದ್ದೋ ಅನ್ನುವುದನ್ನು ಸ್ಲೈಡೊಂದನ್ನೇ ನೋಡಿ ಹೇಳಲಾಗದು.

• ಇಮ್ಯುನೊ ಬಂದಮೇಲೆ ಟೊಲುಯಿಡಿನ್ ಯಾಕೆ ಬೇಕು ಅಂತ ನಿನ್ನ ವಯಸ್ಸಿನವರು ಕೇಳುತ್ತಾರೆ. ಟ್ರಿಪ್ಟೇಸ್ ಒಳ್ಳೆಯದು, ನಾನು ಅದನ್ನು ಮೆಚ್ಚುವವನೇ. ಕಣ ಕಡಿಮೆಯಾದ ಕೋಶವೂ ಅದರಲ್ಲಿ ಸಿಗುತ್ತದೆ, ಟೊಲುಯಿಡಿನ್ನಿಗೆ ಸಿಗುವುದಿಲ್ಲ. ನಿಮ್ಮ ಲ್ಯಾಬಿನಲ್ಲಿ ಮನೆಯ ಪ್ರೆಶರ್ ಕುಕ್ಕರಿನಲ್ಲೇ ಆ್ಯಂಟಿಜೆನ್ ರಿಟ್ರೀವಲ್ ಮಾಡುತ್ತಾರೆ ಅಂದೆ, ಅದೇನೂ ಕೀಳಲ್ಲ, ನಾವೂ ಹಾಗೇ ಮಾಡಿದವರು. ಆದರೆ ಎರಡು ಮಾತು. ಸಿಡಿ117 ಹಾಕಿದರೆ ಎಪಿಡರ್ಮಿಸ್ಸಿನ ತಳದ ಮೆಲನೊಸೈಟುಗಳೂ ಬಣ್ಣ ಹಿಡಿಯುತ್ತವೆ, ಅವನ್ನೂ ಎಣಿಸಿಬಿಟ್ಟೀಯೆ. ಇನ್ನೊಂದು, ಡಿಎಬಿ ಬರುವುದು ಕಂದು, ನಮ್ಮ ಮೆಲನಿನ್ನೂ ಕಂದು. ಕೆಂಪು ಬಣ್ಣದ ಕ್ರೊಮೊಜೆನ್ ಇದ್ದರೆ ಅದನ್ನು ಬಳಸು, ಎಇಸಿ ಆದರೆ ಆಲ್ಕೋಹಾಲಿಗೆ ಹಾಕದೆ ನೀರಿನ ಮೌಂಟಿನಲ್ಲೇ ಮುಚ್ಚು. ಇಲ್ಲದಿದ್ದರೆ ಹೆಮಟಾಕ್ಸಿಲಿನ್ ಬದಲು ಗೀಮ್ಸಾ ಹಾಕು, ಮೆಲನಿನ್ ಹಸಿರು ನೀಲಿಗೆ ತಿರುಗಿ ಬೇರೆಯಾಗುತ್ತದೆ. ಇಷ್ಟೆಲ್ಲಾ ಇದ್ದರೂ, ಜಿಲ್ಲಾ ಕೇಂದ್ರದ ಸಣ್ಣ ಲ್ಯಾಬಿನಲ್ಲಿ ಬಡವರ ಮಗುವಿಗೆ ಒಂದು ಗಂಟೆಯೊಳಗೆ, ಕೆಲವೇ ರೂಪಾಯಿಯಲ್ಲಿ ಉತ್ತರ ಕೊಡುವುದು ಆ ನೀಲಿ ಪುಡಿಯೇ. ಅದನ್ನು ಕೈಬಿಡಬೇಡ.

• ಮರ್ಕೆಲ್ ಕೋಶವನ್ನು ಟೊಲುಯಿಡಿನ್ನಿನಲ್ಲಿ ಹುಡುಕಬೇಡ. ಅದೂ ಚರ್ಮದೊಳಗೆ ಹಾರ್ಮೋನಿನಂಥ ಪೆಪ್ಟೈಡುಗಳನ್ನು ಕೂಡಿಟ್ಟುಕೊಂಡ ಕೋಶವೇ. 1875ರಲ್ಲಿ ಫ್ರೀಡ್ರಿಕ್ ಮರ್ಕೆಲ್ ವಿವರಿಸಿದ್ದು, ಸ್ಪರ್ಶದ ಕೆಲಸದ್ದು. ಎಪಿಡರ್ಮಿಸ್ಸಿನ ತಳದ ಸಾಲಿನಲ್ಲಿ ಇರುತ್ತದೆ, ಬೆರಳ ತುದಿ ತುಟಿಗಳಲ್ಲಿ ಹೆಚ್ಚು. ಅದರ ಕಣ ಸುಮಾರು 100 ನ್ಯಾನೊಮೀಟರಿನದು, ನಮ್ಮ ಸೂಕ್ಷ್ಮದರ್ಶಕಕ್ಕೆ ನಿಲುಕದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ನಮಗಿರುವ ದಾರಿ ಸಿಕೆ20, ಸಿನ್ಯಾಪ್ಟೊಫೈಸಿನ್, ಕ್ರೊಮೊಗ್ರಾನಿನ್. ನಿನಗೆ ಬಂದ ಕೋರಿಕೆಯಲ್ಲಿ "ನ್ಯೂರೊಎಂಡೊಕ್ರೈನ್" ಅಂತ ಬರೆದಿದ್ದರೆ ಟೊಲುಯಿಡಿನ್ ಬಾಟಲಿ ಮುಟ್ಟುವ ಮೊದಲು ಡಾಕ್ಟರಿಗೆ ಫೋನ್ ಮಾಡಿ ಯಾವ ಕೋಶ ಬೇಕು ಅಂತ ಕೇಳು.

• ಎಣಿಸಲು ಹೇಳಿದರೆ "ಒಂದು ಹೈ ಪವರ್ ಫೀಲ್ಡಿಗೆ ಇಷ್ಟು" ಅಂತ ಬರೆದು ಬಿಟ್ಟುಬಿಡಬೇಡ. ಐಪೀಸಿನ ಮೇಲೆ ಫೀಲ್ಡ್ ನಂಬರ್ ಇರುತ್ತದೆ. 18 ಇದ್ದು 40ರ ಲೆನ್ಸ್ ಆದರೆ ಕಾಣುವ ವೃತ್ತದ ಅಡ್ಡಳತೆ 0.45 ಮಿಲಿಮೀಟರ್, ವಿಸ್ತೀರ್ಣ ಸುಮಾರು 0.16 ಚದರ ಮಿಲಿಮೀಟರ್. 22 ಇದ್ದರೆ ಸುಮಾರು 0.24. ಒಂದೂವರೆ ಪಟ್ಟು ಅಂತರ! ಒಂದೇ ಸ್ಲೈಡು ಎರಡು ಸೂಕ್ಷ್ಮದರ್ಶಕದಲ್ಲಿ ಎರಡು ರೋಗವಾಗಿಬಿಡಬಹುದು. ಚದರ ಮಿಲಿಮೀಟರಿಗೆ ಪರಿವರ್ತಿಸಿ ಬರೆ. ನ್ಯೂಕ್ಲಿಯಸ್ ಕಂಡದ್ದನ್ನು ಮಾತ್ರ ಎಣಿಸುತ್ತೀಯೋ ಕಣದ ಗುಂಪನ್ನೂ ಸೇರಿಸುತ್ತೀಯೋ ಅಂತ ಮೊದಲೇ ತೀರ್ಮಾನಿಸಿ ಅದನ್ನೂ ಬರೆ.

• ಪಶುವೈದ್ಯರು ನಾಯಿಯ ಗಂಟಿನ ಸ್ಮಿಯರ್ ತಂದರೆ ಬೇಡ ಅನ್ನಬೇಡ. ನಾಯಿಗಳ ಚರ್ಮದಲ್ಲಿ ಮಾಸ್ಟ್ ಕೋಶದ ಗಡ್ಡೆ ಸಾಮಾನ್ಯ. ದಿಢೀರ್ ಸ್ಟೇನುಗಳು ಕೆಲವೊಮ್ಮೆ ಅದರ ಕಣವನ್ನು ಹಿಡಿಯುವುದೇ ಇಲ್ಲ, ಗೀಮ್ಸಾ ಅಥವಾ ಟೊಲುಯಿಡಿನ್ ಹಾಕಿ ತೋರಿಸು.

• ಕುಷ್ಠರೋಗದ ಫೈಟ್-ಫರಾಕೋ ಸ್ಲೈಡುಗಳ ಜೊತೆಗೇ ಇದನ್ನೂ ಒಂದೇ ರ‍್ಯಾಕಿನಲ್ಲಿ ಹಾಕಿ ಮೇಣ ತೆಗೆಯಬೇಡ. ಫೈಟಿಗೆ ಕ್ಸೈಲೀನಿನೊಂದಿಗೆ ಕಡಲೆಕಾಯಿ ಎಣ್ಣೆ ಬೆರೆಸುತ್ತೀರಿ. ಆ ಎಣ್ಣೆಯ ಪಸೆ ಇದಕ್ಕೆ ಅಂಟಿದರೆ ಬಣ್ಣ ತೇಪೆ ತೇಪೆಯಾಗುತ್ತದೆ.

• ರಿಪೋರ್ಟು ಬರೆಯುವುದು ಡಾಕ್ಟರು. ಆದರೂ ಸ್ಲೈಡಿನ ಜೊತೆ ಚೀಟಿಯಲ್ಲಿ ನಿನ್ನ ಎರಡು ಸಾಲು ಇರಲಿ: ಕಂಟ್ರೋಲ್ ಬಂತೋ ಇಲ್ಲವೋ, ಪಿಹೆಚ್ ಎಷ್ಟಿತ್ತು, ತುಂಡು ಹಿಸುಕಿತ್ತೋ ಚೆನ್ನಾಗಿತ್ತೋ. "ಕಾಣಿಸಲಿಲ್ಲ" ಅನ್ನುವುದಕ್ಕೂ "ಇಲ್ಲ" ಅನ್ನುವುದಕ್ಕೂ ನಡುವೆ ಒಂದು ಮಗುವಿನ ಮೈ ಇದೆ. ಮಾಸ್ಟ್ ಕೋಶ ಹೆಚ್ಚಿರುವ ರೋಗ, ಅಂದರೆ ಮಾಸ್ಟೊಸೈಟೋಸಿಸ್ ಅಂತ ಗೊತ್ತಾದರೆ ಆ ತಾಯಿಗೆ ತಿಕ್ಕಬೇಡಿ, ಬಿಸಿನೀರು ಬೇಡ ಅನ್ನುತ್ತಾರೆ, ಕೆಲವು ನೋವಿನ ಮಾತ್ರೆಗಳ, ಅರಿವಳಿಕೆಯ ವಿಷಯದಲ್ಲಿ ಎಚ್ಚರಿಸುತ್ತಾರೆ. ಮಕ್ಕಳಲ್ಲಿ ಬಹಳಷ್ಟು ಸಲ ಅದು ಬೆಳೆಯುತ್ತ ತಾನಾಗಿ ಕಡಿಮೆಯಾಗುತ್ತದೆ ಅನ್ನುವ ಸಮಾಧಾನವನ್ನೂ ಹೇಳುತ್ತಾರೆ. ಇದಿಷ್ಟೂ ನಿನ್ನ ಸ್ಲೈಡಿಗಾಗಿ ಕಾಯುತ್ತಿರುತ್ತದೆ.

• ಟೊಲುಯಿಡಿನ್ ಸ್ಲೈಡು ಬಹಳ ವರ್ಷ ಬಾಳುವುದಿಲ್ಲ. ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡ, ಮೌಂಟ್ ಒಣಗಿದ ವಾರದೊಳಗೆ ಫೋಟೊ ತೆಗೆದಿಡು. ಆ ಮಗುವಿನ ಎರಡನೆಯ ಸ್ಲೈಡಿನ ಜೋಡಿಯೊಂದು ಕಲಿಸಲು ಇರಲಿ ಅಂತ ಲ್ಯಾಬಿನವರೇ ನನಗೆ ಕೊಟ್ಟಿದ್ದರು, ಇನ್ನೂ ನನ್ನ ಬೀರುವಿನಲ್ಲಿದೆ. ನೇರಳೆ ಈಗ ಪೂರಾ ಮಾಸಿದೆ, ಹೊಗೆಯ ಹಾಗೆ ಕಾಣುತ್ತದೆ. ಆದರೆ ಯಾವ ರಕ್ತನಾಳದ ಪಕ್ಕ ಎಷ್ಟು ಕೋಶ ಇದ್ದವು ಅಂತ ನನಗೆ ನೆನಪಿದೆ. ದೀಪಾವಳಿಗೆ ಬಂದಾಗ ತೋರಿಸುತ್ತೇನೆ. ಬರುವಾಗ ನೀನು ಹೊಸದಾಗಿ ಹಾಕಿದ ಕಂಟ್ರೋಲ್ ಸ್ಲೈಡಿನ ಫೋಟೊ ತಗೊಂಡು ಬಾ.